ಅಜ್ಜಿಯ ರೇಡಿಯೋ, ಅಜ್ಜಿಯ ವಾರ್ತೆ

ನಮ್ಮ ಮನೆಯಲ್ಲಿ ಎಷ್ಟು ರೇಡಿಯೋಗಳಿದ್ದವು ಎಂದು ಯಾರಾದರೂ ಕೇಳಿದರೆ ನನಗೆ ಆಗಲೂ ಉತ್ತರ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಅಪ್ಪ ಒಂದು ಲೆಕ್ಕ ಹೇಳುತ್ತಿದ್ದರು, ಅಮ್ಮ ಅದಕ್ಕಿಂತ ಬಹಳ ದೊಡ್ಡ ಲೆಕ್ಕ ಹೇಳುತ್ತಿದ್ದಳು. ಕೃಷ್ಣಮೂರ್ತಿಪುರಂನ ಆ ಬಾಡಿಗೆ ಮನೆಗೆ ಬೀದಿ ಕಡೆ ಒಂದು ಜಗಲಿ, ಅದನ್ನು ದಾಟಿದರೆ ನಡುಮನೆ, ನಡುಮನೆಯ ಎಡಕ್ಕೆ ದೇವರ ಕೋಣೆ, ಬಲಕ್ಕೆ ಕಿಟಕಿಯಿಲ್ಲದ ಒಂದು ಸಣ್ಣ ಕೋಣೆ, ಹಿಂದೆ ಅಡುಗೆಮನೆ. ಆ ಸಣ್ಣ ಕೋಣೆ ರೇಡಿಯೋಗಳದ್ದು. ಅಲ್ಲಿ ಜಾಗ ಸಾಲದೆ ಹೋದವು ನಡುಮನೆಗೆ ಬಂದವು, ನಡುಮನೆಯಲ್ಲೂ ಸಾಲದವು ಮಂಚದ ಕೆಳಗೆ ಸೇರಿದವು. ಆಗ ಎಲ್ಲರ ಮನೆಗೂ ಬಣ್ಣದ ಟೀವಿ, ಕೇಬಲ್ಲು ಬರುತ್ತಿದ್ದ ಕಾಲ. ಟೀವಿಗೆ ಜಾಗ ಮಾಡಲು ಜನ ರೇಡಿಯೋವನ್ನು ಅಟ್ಟಕ್ಕೆ ಹಾಕುತ್ತಿದ್ದರು, ಅಟ್ಟದಿಂದ ಅದು ಗುಜರಿಗೆ ಹೋಗುತ್ತಿತ್ತು, ಗುಜರಿಯಿಂದ ಅಪ್ಪನ ಸ್ಕೂಟರಿನ ಮೇಲೆ ಕೂತು ನಮ್ಮ ಮನೆಗೆ ಬರುತ್ತಿತ್ತು. ರಾಜೀವನಗರದ ಗುಜರಿ ಅಂಗಡಿಯವರಿಗೆ ಅಪ್ಪನ ಸ್ಕೂಟರಿನ ಸದ್ದು ದೂರದಿಂದಲೇ ಗೊತ್ತಾಗುತ್ತಿತ್ತಂತೆ.

ಅಪ್ಪ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ರೇಡಿಯೋ ಅವರ ಕೆಲಸವೂ ಅಲ್ಲ, ವ್ಯಾಪಾರವೂ ಅಲ್ಲ. ಹಾಗಾದರೆ ಏನು ಎಂದು ನನಗೆ ತಿಳಿಯುತ್ತಿರಲಿಲ್ಲ. ಯಾದವಗಿರಿಯ ಬಂಗಲೆಗಳಲ್ಲಿ ಹಳೆಯ ವಾಲ್ವ್ ರೇಡಿಯೋ ಇಟ್ಟುಕೊಂಡು ಬಂದವರಿಗೆಲ್ಲ ತೋರಿಸುವ ದೊಡ್ಡವರಿದ್ದರು. ಅಪ್ಪನಿಗೆ ಅವು ಬೇಡ. ಅವರಿಗೆ ಬೇಕಾದದ್ದು ಅದರ ಆಮೇಲೆ ಬಂದ ಟ್ರಾನ್ಸಿಸ್ಟರ್ ಸೆಟ್ಟುಗಳು. ಮೇಜಿನ ಮೇಲೆ ಇಡುವಂಥವು, ಮರದ ಪೆಟ್ಟಿಗೆಯವು, ಮುಂದೆ ಬಟ್ಟೆಯ ಜಾಲರಿ, ಗಾಜಿನ ಹಿಂದೆ ಓಡಾಡುವ ಕೆಂಪು ಮುಳ್ಳು. ವಾಲ್ವಿನದು ಹಾಕಿದರೆ ಕಾಯ್ದು ಬಿಸಿಯಾಗಿ ಆಮೇಲೆ ಮಾತಾಡುತ್ತದೆ, ಇದು ಗುಂಡಿ ತಿರುಗಿಸಿದ ತಕ್ಷಣ ಮಾತಾಡುತ್ತದೆ, ಬಿಂಕವಿಲ್ಲದ ರೇಡಿಯೋ ಇದು ಎನ್ನುತ್ತಿದ್ದರು. ಪುರಾತನ ವಸ್ತು ಎಂದು ಮೆರೆಸಲು ಸಾಕಷ್ಟು ಹಳೆಯದಲ್ಲ, ಬಳಸಲು ಸಾಕಷ್ಟು ಹೊಸದಲ್ಲ, ಹಾಗಾಗಿ ಊರಿನಲ್ಲಿ ಇವನ್ನು ಕೇಳುವವರೇ ಇರಲಿಲ್ಲ. ಅಪ್ಪ ಮಾತ್ರ ಕೇಳುತ್ತಿದ್ದರು. ತಂದು, ಹಿಂದಿನ ಮುಚ್ಚಳ ಬಿಚ್ಚಿ, ಬ್ರಷ್ಷಿನಿಂದ ಧೂಳು ಹೊಡೆದು, ಜಿರಳೆ ಮೊಟ್ಟೆ ಕೆರೆದು, ಮುಳ್ಳನ್ನು ಎಳೆಯುವ ದಾರ ಹೊಸದಾಗಿ ಕಟ್ಟಿ, ಬಿಟ್ಟುಹೋದ ಬೆಸುಗೆಗಳನ್ನು ಮತ್ತೆ ಬೆಸೆದು ಮಾತಾಡಿಸುತ್ತಿದ್ದರು. ಮಾತಾಡಿದ ಮೇಲೆ ಅದರ ಮೇಲೆ ಬಟ್ಟೆ ಹೊದಿಸಿ ಇನ್ನೊಂದಕ್ಕೆ ಕೈ ಹಾಕುತ್ತಿದ್ದರು. ಅಷ್ಟು ಕಷ್ಟಪಟ್ಟು ಮಾತಾಡಿಸಿದ್ದನ್ನು ಯಾಕೆ ಮುಚ್ಚಿಡುತ್ತಾರೆ ಎನ್ನುವುದು ನನ್ನ ಬಾಲ್ಯದ ದೊಡ್ಡ ಗೊಂದಲಗಳಲ್ಲಿ ಒಂದು.

ಅಪ್ಪನದು ಒಂದು ಪದ್ಧತಿಯಿತ್ತು. ರೇಡಿಯೋದಿಂದ ಕೆಟ್ಟ ಭಾಗ ಏನನ್ನೇ ತೆಗೆಯಲಿ, ಎಸೆಯುತ್ತಿರಲಿಲ್ಲ. ಹಳೆಯ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ, ಅದೇ ರೇಡಿಯೋದ ಪೆಟ್ಟಿಗೆಯೊಳಗೆ ಒಂದು ಮೂಲೆಯಲ್ಲಿಟ್ಟು ಮುಚ್ಚಳ ಹಾಕುತ್ತಿದ್ದರು. ಉಬ್ಬಿಹೋದ ಕಂಡೆನ್ಸರ್, ಸತ್ತ ಟ್ರಾನ್ಸಿಸ್ಟರ್, ಹರಿದ ದಾರ, ಎಲ್ಲವೂ ಗಂಟಿನಲ್ಲಿ. ಯಾಕೆ ಎಂದು ಒಮ್ಮೆ ಕೇಳಿದ್ದೆ.

"ಕೆಟ್ಟೋಗಿದ್ರೂ ಅದು ಅದರದ್ದೇ ಕಣೆ. ಎಸೆಯೋಕೆ ನಾವ್ಯಾರು?"

ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಧರಿಸಿ, ಲಿಂಗಪೂಜೆ ಮುಗಿಸಿ ದೇವರ ಕೋಣೆಯಿಂದ ಬರುವಾಗ ಅಪ್ಪನ ಬೆರಳಲ್ಲಿ ಸ್ವಲ್ಪ ವಿಭೂತಿ ಉಳಿದಿರುತ್ತಿತ್ತು. ಅವತ್ತು ಯಾವ ರೇಡಿಯೋ ಬಿಚ್ಚಬೇಕೋ ಅದರ ನೆತ್ತಿಗೆ ಅದನ್ನು ಸವರಿಬಿಡುತ್ತಿದ್ದರು. ಅಮ್ಮ ಅಡುಗೆಮನೆಯಿಂದಲೇ ನೋಡುತ್ತಿದ್ದಳು.

"ಏನ್ರೀ, ಅದಕ್ಕೂ ಲಿಂಗದೀಕ್ಷೆ ಕೊಡಿಸ್ಬುಡಿ. ಮಠಕ್ಕೆ ಕರ್ಕೊಂಡ್ ಹೋಗಿ."

ಹೀಗೆ ಇದ್ದ ಮನೆಗೆ ನಂಜನಗೂಡಿನಿಂದ ಅಜ್ಜಿ ಬಂದಳು. ಅಜ್ಜಿ ಎಂದರೆ ಅಮ್ಮನ ತಾಯಿ. ನಂಜನಗೂಡಿನ ಪೇಟೆಯಲ್ಲಿ ಅಜ್ಜನದು ಬೆಲ್ಲದ ಅಂಗಡಿ. ಅಜ್ಜ ತೀರಿಕೊಂಡ ಮೇಲೆ ಅಂಗಡಿ ಮುಚ್ಚಿತು. ಅಮ್ಮ ಒಬ್ಬಳೇ ಮಗಳು, ಬಾ ಎಂದು ಕರೆಯಲು ಬೇರೆ ಯಾರೂ ಇರಲಿಲ್ಲ. ಆದರೆ ಅಳಿಯನ ಮನೆಯಲ್ಲಿ ಬೇರೂರುವುದು ಅಜ್ಜಿಗೆ ತಲೆ ತಗ್ಗಿಸುವ ಸಂಗತಿ. ಬಸ್ಸಿಳಿದು ಜಗಲಿ ಹತ್ತುವಾಗಲೇ ಹೇಳಿದ್ದಳು.

"ನಾಕ್ ದಿನ ಇದ್ದು ಒಂಟೋಯ್ತೀನಿ ಕಣಮ್ಮ."

ಆ ನಾಲ್ಕು ದಿನ ಎಷ್ಟೋ ತಿಂಗಳಾಯಿತು. ಆದರೂ ಅಜ್ಜಿ ತನ್ನ ಟ್ರಂಕನ್ನು ಖಾಲಿ ಮಾಡಲಿಲ್ಲ. ಅಮ್ಮ ಬೀರುವಿನಲ್ಲಿ ಒಂದು ಅರೆ ತೆರವು ಮಾಡಿಕೊಟ್ಟರೆ ಅದು ಹಾಗೇ ತೆರವಾಗಿ ಉಳಿಯಿತು. ಅಜ್ಜಿ ದಿನಾ ಟ್ರಂಕಿನ ಹಗ್ಗ ಬಿಚ್ಚಿ, ಒಂದು ಸೀರೆ ತೆಗೆದು, ಮತ್ತೆ ಹಗ್ಗ ಬಿಗಿಯುತ್ತಿದ್ದಳು. ಅಮ್ಮನಿಗೆ ಅದನ್ನು ನೋಡಿದರೆ ಕಣ್ಣಲ್ಲಿ ನೀರು ಬರುತ್ತಿತ್ತು, ಆದರೆ ಬಾಯಲ್ಲಿ ಬರುತ್ತಿದ್ದದ್ದು ಸಿಟ್ಟು. ಅಜ್ಜಿ ಬೇರೆ, ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಎದುರಿಗೆ ಹೋಗಿ ನಿಂತರೆ ಮಾತ್ರ ಮಾತು. ಒಮ್ಮೆ ಅಮ್ಮ ಕುಕ್ಕರ್ ಇಟ್ಟು, ಕೂಗಿದ ಮೇಲೆ ಒಲೆ ಆರಿಸು ಎಂದು ಅಜ್ಜಿಗೆ ಹೇಳಿ ಅಂಗಡಿಗೆ ಹೋದಳು. ವಾಪಸ್ಸು ಬಂದರೆ ಮನೆ ತುಂಬ ಸೀದ ವಾಸನೆ, ಕುಕ್ಕರ್ ಕೂಗುತ್ತಲೇ ಇದೆ, ಅಜ್ಜಿ ಅದರ ಪಕ್ಕದಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದಾಳೆ. ಇಲ್ಲಿರಲು ಇಷ್ಟವಿಲ್ಲದ್ದಕ್ಕೇ ಬೇಕೆಂದು ಹೀಗೆ ಮಾಡುತ್ತಾಳೆ ಎಂದು ಅಮ್ಮ ಅಪ್ಪನ ಹತ್ತಿರ ಅತ್ತಳು. ಇರಬಹುದು ಎಂದು ಅಪ್ಪನಿಗೂ ಅನ್ನಿಸಿತು. ನನಗೆ ಯಾರ ಪರ ವಹಿಸಬೇಕೆಂದು ತಿಳಿಯಲಿಲ್ಲ.

ಟ್ರಂಕಿನ ಜೊತೆ ಅಜ್ಜಿ ತಂದದ್ದು ಇನ್ನೊಂದೇ ವಸ್ತು, ಅಜ್ಜನ ರೇಡಿಯೋ. ತೇಗದ ಪೆಟ್ಟಿಗೆ, ಎಡಗಡೆ ಬೆಲ್ಲದ ಅಚ್ಚು ಬಿದ್ದು ಆದ ಒಂದು ತಗ್ಗು. ಅಪ್ಪನ ಕಣ್ಣು ಮೊದಲ ದಿನವೇ ಅದರ ಮೇಲೆ ಬಿತ್ತು. ಅದು ಹಾಡುವುದಕ್ಕಿಂತ ಹೆಚ್ಚಾಗಿ ಗುಂಯ್ ಎನ್ನುತ್ತಿತ್ತು. ಸ್ಪೀಕರಿನ ಕಾಗದ ಹರಿದು ಪೆಟ್ಟಿಗೆಯೇ ನಡುಗುತ್ತಿತ್ತು. ಆ ಗುಂಯ್ ಹಿಂದೆ ಎಲ್ಲೋ ಯಾರೋ ಮಾತಾಡುತ್ತಿರುವುದು ನಮಗೆ ತಿಳಿಯುತ್ತಿತ್ತೇ ಹೊರತು ಏನು ಮಾತು ಎಂದು ತಿಳಿಯುತ್ತಿರಲಿಲ್ಲ. ಅಜ್ಜಿಗೆ ಮಾತ್ರ ತಿಳಿಯುತ್ತಿತ್ತು. ಸಂಜೆ ದೀಪ ಹಚ್ಚಿ, ಹಣೆಗೆ ವಿಭೂತಿ ಇಟ್ಟುಕೊಂಡು, ರೇಡಿಯೋ ಹಾಕಿ, ಅದರ ನೆತ್ತಿಯ ಮೇಲೆ ಬಲಗೈ ಇಟ್ಟು ಕಣ್ಣು ಮುಚ್ಚಿ ಕೂರುತ್ತಿದ್ದಳು. ಆಮೇಲೆ ಕೈ ತೆಗೆದು ನಮಗೆ ವಾರ್ತೆ ಹೇಳುತ್ತಿದ್ದಳು.

"ಕಪಿಲೆ ತುಂಬ್ಕೊಂಡವ್ಳಂತೆ. ಸ್ನಾನಘಟ್ಟದ ಮೆಟ್ಲು ಕಾಣಾಕಿಲ್ವಂತೆ. ಬೆಲ್ಲದ ರೇಟು ಬಿದ್ದೋಗದಂತೆ, ಈಗ ತಕ್ಕಬಾರ್ದಂತೆ."

ಅಜ್ಜ ಇದ್ದಾಗ ಹೀಗೇ ನಡೆಯುತ್ತಿತ್ತಂತೆ. ಅವರು ಕೇಳುವುದು, ಕೇಳಿ ಅಂಗಡಿಗೆ ಬಂದವರಿಗೂ ಅಜ್ಜಿಗೂ ದೊಡ್ಡ ದನಿಯಲ್ಲಿ ಹೇಳುವುದು. ಈಗ ಆ ಕೆಲಸ ಅಜ್ಜಿಯದಾಗಿತ್ತು. ನಾನು ಮರುದಿನ ಇಸ್ಕೂಲಿನಲ್ಲಿ ಕಪಿಲೆ ತುಂಬಿದ್ದಾಳೆ ಎಂದು ಹೇಳಿದೆ. ಇನ್ನೇನು ಬೇಸಿಗೆ ರಜೆ ಬರುವ ಕಾಲ, ಹೊಳೆಯಲ್ಲಿ ನೀರೇ ಇರಲಿಲ್ಲ. ನಂಜನಗೂಡಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ನಮ್ಮ ಟೀಚರು ಬಿದ್ದು ಬಿದ್ದು ನಕ್ಕರು. ಮನೆಗೆ ಬಂದು ಅಪ್ಪನನ್ನು ಹಿಡಿದುಕೊಂಡೆ.

"ಅಪ್ಪಾ, ಅಜ್ಜಿ ರೇಡಿಯೋ ಸುಳ್ಳು ಹೇಳುತ್ತೆ."

"ಸುಳ್ಳಲ್ಲ ಕಣೆ. ಹಳೇ ರೇಡಿಯೋ ಅಲ್ವಾ, ಹಳೇ ಸುದ್ದಿ ಹೇಳುತ್ತೆ."

ಅಪ್ಪ ತಮಾಷೆಗೆ ಹೇಳಿದ್ದು. ನಾನು ನಂಬಿಬಿಟ್ಟೆ. ಪ್ರತಿ ರೇಡಿಯೋದೊಳಗೂ ಅದು ಒಂದು ಕಾಲದಲ್ಲಿ ಹೇಳಿದ ಸುದ್ದಿಯೆಲ್ಲ ಎಲ್ಲೋ ಉಳಿದಿರುತ್ತದೆ, ಅಪ್ಪ ಬಟ್ಟೆ ಹೊದಿಸಿ ಇಡುವುದು ಅದಕ್ಕೇ, ಆ ಗಂಟಿನಲ್ಲಿ ಕಟ್ಟಿಡುವುದೂ ಅದನ್ನೇ ಎಂದು ನಾನೇ ಒಂದು ಶಾಸ್ತ್ರ ಮಾಡಿಕೊಂಡೆ. ಸಣ್ಣ ಕೋಣೆಗೆ ಹೋಗಿ ಒಂದೊಂದು ರೇಡಿಯೋಗೂ ಕಿವಿ ಹಚ್ಚಿ ಕೂರುತ್ತಿದ್ದೆ. ಏನೂ ಕೇಳದಿದ್ದಾಗ ಅವು ನನ್ನಿಂದ ಮುಚ್ಚಿಡುತ್ತಿವೆ ಎಂದುಕೊಂಡು ಕೋಪ ಬರುತ್ತಿತ್ತು. ಅಮ್ಮನ ವಿವರಣೆ ಬೇರೆ ಇತ್ತು. ಅವ್ವ ಅರ್ಧ ಕೇಳಿ ಅರ್ಧ ಸೇರಿಸುತ್ತಾಳೆ, ಅಂಗಡಿಯಲ್ಲಿ ಕೂತು ಕೂತು ಬಂದ ಅಭ್ಯಾಸ ಎನ್ನುತ್ತಿದ್ದಳು. ನನಗೆ ನನ್ನ ಶಾಸ್ತ್ರವೇ ಹೆಚ್ಚು ಸರಿ ಎನ್ನಿಸುತ್ತಿತ್ತು.

ಒಂದು ಭಾನುವಾರ ಅಮ್ಮ ಅಜ್ಜಿಯನ್ನು ಕರೆದುಕೊಂಡು ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋದಳು. ಅಪ್ಪನಿಗೆ ತಡೆಯಲಾಗಲಿಲ್ಲ. ಅತ್ತೆ ಬರುವುದರೊಳಗೆ ರೇಡಿಯೋ ಸರಿ ಮಾಡಿ ಖುಷಿಪಡಿಸೋಣ, ಖುಷಿಯಾದರೆ ಟ್ರಂಕು ಬಿಚ್ಚಿಯಾಳು ಎಂದು ಅವರ ಲೆಕ್ಕ. ವಿಭೂತಿ ಸವರಿ ಮುಚ್ಚಳ ಬಿಚ್ಚಿದರು. ಒಳಗೆ ಬೆಲ್ಲದ ಅಂಟಿಗೆ ಸತ್ತ ಇರುವೆಗಳು, ಹೊಟ್ಟೆ ಉಬ್ಬಿಸಿಕೊಂಡ ದೊಡ್ಡದೊಂದು ಕಂಡೆನ್ಸರ್. ಗುಂಯ್ ಎನ್ನುತ್ತಿದ್ದುದಕ್ಕೆ ಅದೇ ಕಾರಣ ಎಂದು ನನಗೆ ತೋರಿಸಿದರು. ಅದನ್ನು ತೆಗೆದು ಹೊಸದು ಹಾಕಿದರು. ಹರಿದ ಸ್ಪೀಕರ್ ತೆಗೆದು ಮಂಚದ ಕೆಳಗಿನ ಯಾವುದೋ ಸೆಟ್ಟಿನ ಸ್ಪೀಕರ್ ಕೂರಿಸಿದರು. ಹಳೆಯ ಎರಡನ್ನೂ ಗಂಟು ಕಟ್ಟಿ ಮೂಲೆಯಲ್ಲಿಟ್ಟರು. ಗುಂಡಿ ತಿರುಗಿಸಿದರೆ ಯಾದವಗಿರಿಯ ಆಕಾಶವಾಣಿ ನಿಲಯದಿಂದ ವೀಣೆ, ತಂತಿಯ ಮೇಲೆ ಉಗುರು ತಾಗುವುದು ಕೂಡ ಕೇಳುವಷ್ಟು ಸ್ಪಷ್ಟ. ಅಪ್ಪ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಅವರು ಅಷ್ಟು ಸಂತೋಷವಾಗಿದ್ದುದನ್ನು ನಾನು ಹೆಚ್ಚು ಸಲ ನೋಡಿಲ್ಲ.

ಸಂಜೆ ಅಜ್ಜಿ ಬಂದು, ಕೈಕಾಲು ತೊಳೆದು, ದೀಪ ಹಚ್ಚಿ, ರೇಡಿಯೋ ಹಾಕಿ ಕೈ ಇಟ್ಟಳು. ಅಪ್ಪ ಬಾಗಿಲಿಗೆ ಒರಗಿ ಕಾಯುತ್ತಿದ್ದರು. ಅಜ್ಜಿ ಕಣ್ಣು ಮುಚ್ಚಿದಳು, ತೆರೆದಳು. ಕೈಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸಿದಳು. ಗುಂಡಿಯನ್ನು ಆರಿಸಿ ಮತ್ತೆ ಹಾಕಿದಳು. ರೇಡಿಯೋದಲ್ಲಿ ಒಬ್ಬ ಹೆಂಗಸು ಮೆಲ್ಲನೆಯ ದನಿಯಲ್ಲಿ, ಸ್ಪಷ್ಟವಾಗಿ ವಾರ್ತೆ ಓದುತ್ತಿದ್ದಳು.

"ಇದು ನಮ್ದಲ್ಲ."

"ನಿಮ್ದೇ ಅತ್ತೆ. ರಿಪೇರಿ ಮಾಡಿದ್ದೀನಿ ಅಷ್ಟೇ. ಕೇಳಿ, ಎಷ್ಟು ಚೆನ್ನಾಗಿ ಬರ್ತಿದೆ."

"ಪೆಟ್ಗೆ ನಮ್ದೇಯ. ಒಳಗಿರಾದು ನಮ್ದಲ್ಲ. ಇದ್ರೊಳಗೆ ಜೀವ ಇಲ್ಲ."

ಅಪ್ಪ ಗಾಬರಿಯಿಂದ ಮುಂದೆ ಬಂದು ಸದ್ದು ಜಾಸ್ತಿ ಮಾಡಿದರು. ಅಷ್ಟರಲ್ಲಿ ಅಜ್ಜಿ ಕೈ ತೆಗೆದು ಸೆರಗಿನಲ್ಲಿ ಸುತ್ತಿಕೊಂಡಾಗಿತ್ತು.

"ಮನೆ ತುಂಬ ಅಷ್ಟೊಂದು ಮಡೀಕೊಂಡಿದ್ದೀರಿ. ನಮ್ಮೆಜಮಾನ್ರದ್ದೂ ಬೇಕಾಗಿತ್ತಾ ನಿಮ್ಗೆ?"

"ಅವ್ವಾ! ಏನ್ ಮಾತು ಅಂತ ಆಡ್ತಿದ್ದೀಯಾ?" ಎಂದು ಅಮ್ಮ ಕೂಗಿಕೊಂಡಳು.

ರೇಡಿಯೋ ಬದಲಾಯಿಸಿಟ್ಟುಕೊಂಡ ಎಂದು ಅತ್ತೆಯ ಬಾಯಲ್ಲಿ ಕೇಳುವುದು ಅಪ್ಪನಿಗೆ ಕಳ್ಳ ಎಂದು ಬೀದಿಯಲ್ಲಿ ಕರೆಸಿಕೊಂಡ ಹಾಗಾಯಿತು. ಪೆಟ್ಟಿಗೆಯ ತಗ್ಗು ತೋರಿಸಿದರು, ಗಂಟು ಬಿಚ್ಚಿ ಹಳೆಯ ಭಾಗ ತೋರಿಸಿದರು. ಅಜ್ಜಿ ಆ ಕಡೆ ನೋಡಲಿಲ್ಲ. ಬುಧವಾರದ ಬಸ್ಸಿಗೆ ನಂಜನಗೂಡಿಗೆ ಹೋಗುತ್ತೇನೆ, ಅಲ್ಲಿ ದೂರದ ನೆಂಟರೊಬ್ಬರು ಹಿತ್ತಲ ಕೋಣೆ ಕೊಡುತ್ತೇನೆಂದಿದ್ದಾರೆ, ಅಲ್ಲಿ ಇದ್ದುಕೊಳ್ಳುತ್ತೇನೆ ಎಂದಳು. ಆ ರಾತ್ರಿ ಮುದ್ದೆ ಮುರಿಯುವಾಗ ಅಮ್ಮ ಬಸ್ಸಾರನ್ನು ಬಡಿಸಿದ್ದವರಿಗೇ ಮತ್ತೆ ಬಡಿಸಿದಳು.

ಸೋಮವಾರವಿಡೀ ನಾನು ತಲೆ ಕೆಡಿಸಿಕೊಂಡೆ. ಪೆಟ್ಟಿಗೆ ಅಜ್ಜನದು, ಸ್ಪೀಕರ್ ಯಾರದೋ, ಅಜ್ಜನ ಸ್ಪೀಕರ್ ಗಂಟಿನಲ್ಲಿ. ಹಾಗಾದರೆ ಅಜ್ಜನ ರೇಡಿಯೋ ಯಾವುದು? ನನ್ನ ಶಾಸ್ತ್ರದ ಪ್ರಕಾರ ಹಳೆಯ ಸುದ್ದಿ ಗಂಟಿಗೆ ಹೋಗಿದೆ, ಅಜ್ಜಿಗೆ ಸಿಗದಿರುವುದು ಅದೇ. ಅಪ್ಪನನ್ನು ಕೇಳಿದೆ.

"ಗೊತ್ತಿಲ್ಲ ಕಣೆ," ಎಂದರು. ನನಗೆ ಗೊತ್ತಿಲ್ಲ ಎಂದು ಅಪ್ಪ ರೇಡಿಯೋ ವಿಷಯದಲ್ಲಿ ಹೇಳಿದ್ದು ಅದೇ ಮೊದಲು. ನನಗೆ ಭಯವಾಯಿತು.

ದಾರಿ ಹುಡುಕಿದವಳು ಅಮ್ಮ. ಮಂಗಳವಾರ ಅಪ್ಪ ಕಚೇರಿಯಿಂದ ಬಂದು ಕಾಫಿ ಲೋಟ ಹಿಡಿದು ಕೂತಿದ್ದಾಗ ಬಂದು ಎದುರು ನಿಂತಳು.

"ಮೊದಲಿದ್ದ ಹಾಗೇ ಮಾಡ್ಕೊಡಿ ಅದನ್ನ."

"ಕೆಡಿಸ್ಕೊಡು ಅಂತೀಯಾ ಗಿರಿಜಾ?"

"ಹೂಂ ಕಣ್ರೀ. ಕೆಡಿಸ್ಕೊಡಿ. ನಾಳೆ ಅವ್ವ ಹೊರಟ್ಬುಡ್ತಾಳೆ. ಆ ಹಿತ್ತಲ ಕೋಣೇಲಿ ಯಾರಿದ್ದಾರೆ ಅವಳನ್ನ ನೋಡ್ಕೊಳ್ಳೋಕೆ?"

ಸರಿಮಾಡಿದ ರೇಡಿಯೋಗೆ ಕೆಟ್ಟ ಭಾಗವನ್ನು ಮತ್ತೆ ಬೆಸೆಯುವುದು ಅಪ್ಪನ ಕೈಗೆ ಗೊತ್ತಿಲ್ಲದ ಕೆಲಸ. ಕಾಫಿ ಲೋಟವನ್ನು ಹಾಗೇ ಕೆಳಗಿಟ್ಟರು. ಆಮೇಲೆ ಎದ್ದು ನಡುಮನೆಯಲ್ಲಿ ಹಳೆಯ ಪೇಪರ್ ಹಾಸಿ ಮುಚ್ಚಳ ಬಿಚ್ಚಿದರು. ಇರುವ ಸ್ಪೀಕರ್ ತೆಗೆಯಲು ಒಳಗಿನದೆಲ್ಲ ಅಡ್ಡ ಬರುತ್ತಿತ್ತು. ನಿಲಯ ಹಿಡಿಯುವ ಭಾಗದ ತಂತಿಗಳನ್ನು ಕಿತ್ತು, ಆ ಭಾಗವನ್ನು ಇಡಿಯಾಗಿ ಎತ್ತಿ ಪೇಪರಿನ ಮೇಲೆ ಇಟ್ಟರು. ಹರಿದ ಸ್ಪೀಕರ್ ಒಳಗೆ ಹೋಯಿತು, ಉಬ್ಬಿದ ಕಂಡೆನ್ಸರ್ ತನ್ನ ಹಳೆಯ ಜಾಗದಲ್ಲಿ ಕೂತಿತು. ಗುಂಯ್ ಬರುತ್ತದೋ ಇಲ್ಲವೋ ನೋಡಲು ಅಪ್ಪ ಹಾಗೇ ಕರೆಂಟು ಕೊಟ್ಟರು. ಬಂತು. ಪೆಟ್ಟಿಗೆ ಮೊದಲಿನ ಹಾಗೇ ನಡುಗತೊಡಗಿತು. ಅಷ್ಟು ಹೊತ್ತಿಗೆ ದೀಪ ಹಚ್ಚಿ ದೇವರ ಕೋಣೆಯಿಂದ ಬಂದ ಅಜ್ಜಿ, ಯಾರನ್ನೂ ಕೇಳದೆ ಪೇಪರಿನ ಪಕ್ಕದಲ್ಲಿ ಕೂತು ರೇಡಿಯೋದ ನೆತ್ತಿಯ ಮೇಲೆ ಕೈ ಇಟ್ಟಳು. ತಡೀರಿ ಅತ್ತೆ, ಇನ್ನೂ ಆಗಿಲ್ಲ ಎನ್ನಲು ಅಪ್ಪ ಬಾಯಿ ತೆರೆದರು. ಅಜ್ಜಿಯ ಮುಖ ನೋಡಿ ಸುಮ್ಮನಾದರು. ಆ ಮುಖ ಅಷ್ಟು ಹಗುರಾಗಿತ್ತು.

"ಹಾಂ. ಬಂತು ನೋಡಿ, ಬಂತು. ವಾರ್ತೆ ಸುರು ಆಯ್ತು. ಸುಮ್ಕಿರಿ ಎಲ್ಲ."

ನಿಲಯ ಹಿಡಿಯುವ ಭಾಗ ಪೇಪರಿನ ಮೇಲೆ, ಅಜ್ಜಿಯ ಮೊಣಕಾಲಿನ ಹತ್ತಿರ ಬಿದ್ದಿತ್ತು. ರೇಡಿಯೋದೊಳಗೆ ವಾರ್ತೆ ಇರಲಿಲ್ಲ, ಹಾಡಿರಲಿಲ್ಲ, ಮನುಷ್ಯರ ದನಿಯೇ ಇರಲಿಲ್ಲ. ಗುಂಯ್ ಬಿಟ್ಟರೆ ಬೇರೇನೂ ಇರಲು ಸಾಧ್ಯವೇ ಇರಲಿಲ್ಲ. ಅಪ್ಪ ಅಮ್ಮನನ್ನು ನೋಡಿದರು. ಅಮ್ಮ ಅಜ್ಜಿಯ ಬೆನ್ನ ಹಿಂದೆ ನಿಂತು, ಅವ್ವಾ ಎಂದು ಮೆಲ್ಲಗೆ ಕರೆದಳು. ಆಮೇಲೆ ಜೋರಾಗಿ ಕರೆದಳು. ಅಜ್ಜಿ ತಿರುಗಲಿಲ್ಲ. ಅಜ್ಜಿಗೆ ಕಿವಿ ಕೇಳುತ್ತಿರಲಿಲ್ಲ. ಎಂದಿನಿಂದಲೋ ಯಾರಿಗೆ ಗೊತ್ತು. ಅವಳು ಬೇಕೆಂದು ತಿರುಗದೆ ಇದ್ದದ್ದಲ್ಲ, ಕುಕ್ಕರನ್ನು ಬೇಕೆಂದು ಬಿಟ್ಟದ್ದೂ ಅಲ್ಲ. ಮೊದಲೇ ಅಳಿಯನ ಮನೆ, ಅದರ ಮೇಲೆ ಕಿವುಡಿ ಎಂದು ಹೊರೆಯಾಗಬಾರದು ಎಂದು ಬಾಯಿ ನೋಡಿ ಮಾತು ಹಿಡಿದುಕೊಂಡು ದಿನ ದೂಡುತ್ತಿದ್ದಳು. ಅವಳಿಗೆ ದಕ್ಕುತ್ತಿದ್ದದ್ದು ಪೆಟ್ಟಿಗೆಯ ನಡುಕ ಒಂದೇ. ಅಪ್ಪ ಅದನ್ನೇ ಸರಿ ಮಾಡಿಬಿಟ್ಟಿದ್ದರು. ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ನಾನು ಪೇಪರಿನ ಮೇಲಿನ ಭಾಗವನ್ನು ಬೆರಳಿನಿಂದ ತೋರಿಸಹೋದೆ. ಅಪ್ಪ ನನ್ನ ಬೆರಳನ್ನು ಹಿಡಿದು ಮಡಿಚಿದರು.

ಅಜ್ಜಿ ಕಣ್ಣು ತೆರೆದಳು. ಅಪ್ಪ ಅವಳ ಎದುರಿಗೆ ಸರಿದು ಕೂತು, ಒಂದೊಂದೇ ಮಾತನ್ನು ಬಿಡಿಸಿ ಬಿಡಿಸಿ ಕೇಳಿದರು.

"ಏನಂತೆ ಅತ್ತೆ ವಾರ್ತೆ?"

ಅಜ್ಜಿ ಅಪ್ಪನ ಬಾಯನ್ನೇ ನೋಡುತ್ತಿದ್ದಳು. ಆಮೇಲೆ ಮುಖ ನೋಡಿದಳು. ಆಮೇಲೆ ಪೇಪರಿನ ಕಡೆ ಒಮ್ಮೆ ಕಣ್ಣು ಹಾಯಿಸಿದ ಹಾಗಿತ್ತು. ಹಾಯಿಸಿದಳೋ, ನನಗೆ ಹಾಗೆ ಕಂಡಿತೋ, ಇವತ್ತಿಗೂ ನನಗೆ ಖಚಿತವಿಲ್ಲ.

"ಒಬ್ಳು ಮುದ್ಕಿ ಗಂಟುಮೂಟೆ ಕಟ್ಕೊಂಡು ಬುಧವಾರದ ಬಸ್ಸಿಗೆ ಒಂಟಿದ್ಳಂತೆ," ಎಂದಳು. "ಅವ್ಳ ಅಳಿಯಂದ್ರು ಬುಡ್ನೇ ಇಲ್ವಂತೆ."

ಅಮ್ಮ ಮೂಲೆಗೆ ಹೋಗಿ ಟ್ರಂಕಿನ ಹಗ್ಗ ಬಿಚ್ಚಿದಳು. ಅಜ್ಜಿಯ ಸೀರೆಗಳನ್ನು ಎತ್ತಿಕೊಂಡು ಹೋಗಿ ಬೀರುವಿನ ಅರೆಯಲ್ಲಿ ಜೋಡಿಸತೊಡಗಿದಳು. ಅಜ್ಜಿ ನೋಡಿದಳು, ಬೇಡ ಎನ್ನಲಿಲ್ಲ. ನಾನು ಅಪ್ಪನ ಕಿವಿಯ ಹತ್ತಿರ ಹೋದೆ.

"ಅಪ್ಪಾ, ರೇಡಿಯೋ ನಿಜವಾಗ್ಲೂ ಹಂಗೆ ಹೇಳ್ತಾ?"

"ಹೂಂ ಕಣೆ. ಹಂಗೇ ಹೇಳ್ತು."

ಅಪ್ಪನ ಕಣ್ಣು ತುಂಬಿತ್ತು. ಅವರು ಸುಳ್ಳು ಹೇಳುವವರಲ್ಲ. ನನಗೆ ಇನ್ನಷ್ಟು ಗೊಂದಲವಾಯಿತು. ಅಜ್ಜಿಯ ಕೈಯ ಪಕ್ಕದಲ್ಲಿ ರೇಡಿಯೋದ ನೆತ್ತಿಯ ಮೇಲೆ ನನ್ನ ಕೈಯನ್ನೂ ಇಟ್ಟು, ಅವಳ ಹಾಗೇ ಕಣ್ಣು ಮುಚ್ಚಿದೆ. ಅಂಗೈಯೆಲ್ಲ ಜುಮ್ಮೆಂದಿತು. ಬೇರೇನಾದರೂ ಬರಬಹುದೆಂದು, ಅಮ್ಮ ಊಟಕ್ಕೆ ಕರೆಯುವ ತನಕ ಕಾದೆ.